ಸಮುದ್ರ ಸೇರಿದ ನೀರು ವ್ಯರ್ಥವೇ?

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ನಮ್ಮಂಥವರಿಗೆಲ್ಲ ಪರಿಚಯವಿರುವ ಪ್ರಶ್ನೆಯೊಂದಿದೆ: ‘ಪಶ್ಚಿಮಕ್ಕೆ ಹರಿಯುವ ನದಿಗಳು ಮುಖಜ ಭೂಮಿಯನ್ನು ಏಕೆ ನಿರ್ಮಿಸುವುದಿಲ್ಲ?’ ಗೈಡ್‌ಗಳಲ್ಲಿ ಇದಕ್ಕೆ ಎರಡು ಸಾಲಿನ ಉತ್ತರವಿರುತ್ತದೆ. ಉದ್ದ ಕಡಿಮೆ, ಇಳಿಜಾರು ಹೆಚ್ಚು. ಅಷ್ಟು ಬರೆದರೆ ಎರಡು ಅಂಕ ಬರುತ್ತದೆ, ನಾವು ಮುಂದಿನ ಪುಟಕ್ಕೆ ಹೋಗುತ್ತೇವೆ. ಆದರೆ ಆ ಪ್ರಶ್ನೆಯನ್ನು ತಿರುಗಿಸಿ ಯಾರೂ ಕೇಳುವುದಿಲ್ಲ. ಪೂರ್ವಕ್ಕೆ ಹರಿಯುವ ಕಾವೇರಿ, ಕೃಷ್ಣೆಯರು ಸಾವಿರಾರು ವರ್ಷ ಕಷ್ಟಪಟ್ಟು ಕಟ್ಟಿದ ಮುಖಜ ಭೂಮಿ ಇವತ್ತು ಹೇಗಿದೆ? ನದಿ ಅದನ್ನು ಈಗಲೂ ಕಟ್ಟುತ್ತಿದೆಯೇ? ಉತ್ತರ ಹುಡುಕುತ್ತ ಹೋದರೆ ದಾರಿ ನಮ್ಮ ಮನೆಯ ನಲ್ಲಿಯ ಹತ್ತಿರವೇ ಶುರುವಾಗುತ್ತದೆ.

ನಮ್ಮದು ನಗರ್ತಪೇಟೆಯ ಹಳೆಯ ವಠಾರ. ನೀರು ಬಿಡುವ ದಿನ ಇಲ್ಲಿ ಯಾರೂ ‘ನೀರು ಬಂತು’ ಎನ್ನುವುದಿಲ್ಲ, ‘ಕಾವೇರಿ ಬಂತು’ ಎನ್ನುತ್ತಾರೆ. ಆ ಕಾವೇರಿ ಸುಮ್ಮನೆ ಬಂದವಳಲ್ಲ. ಸುಮಾರು 100 ಕಿ.ಮೀ. ದೂರದ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪ್ ಆಗಿ, ಸುಮಾರು ಅರ್ಧ ಕಿ.ಮೀ. ಎತ್ತರ ಹತ್ತಿ ಬರುತ್ತಾಳೆ. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಶುರುವಾದ ಮೇಲೆ ಎಲ್ಲ ಹಂತಗಳ ಸಾಮರ್ಥ್ಯ ಸೇರಿಸಿದರೆ ದಿನಕ್ಕೆ ಸುಮಾರು 2,225 ದಶಲಕ್ಷ ಲೀಟರ್. ವರ್ಷಕ್ಕೆ ಲೆಕ್ಕ ಹಾಕಿದರೆ 28–29 ಟಿಎಂಸಿ. ಈ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಬಳಸಿದ ಮೇಲೆ ಆ ನೀರು ಹೋಗುವ ದಾರಿಯೂ ವಿಚಿತ್ರವಾಗಿದೆ. ಬೆಂಗಳೂರು ಒಂದು ದಿಣ್ಣೆಯ ಮೇಲೆ ಕೂತ ಊರು. ಬಸವನಗುಡಿ, ಚಾಮರಾಜಪೇಟೆಗಳ ಕಡೆಯ ನೀರು ವೃಷಭಾವತಿಗೆ ಇಳಿದು, ಅರ್ಕಾವತಿ ಸೇರಿ, ಕನಕಪುರದ ಆಚೆ ಸಂಗಮದಲ್ಲಿ ಮತ್ತೆ ಕಾವೇರಿಗೆ ಸೇರುತ್ತದೆ. ನಮ್ಮ ಪೇಟೆಯ ಕಡೆಯದು ಕೋರಮಂಗಲ ಕಣಿವೆ ಹಿಡಿದು ಬೆಳ್ಳಂದೂರು, ವರ್ತೂರು ಕೆರೆ ದಾಟಿ ದಕ್ಷಿಣ ಪಿನಾಕಿನಿಗೆ ಹೋಗುತ್ತದೆ. ಅಲ್ಲಿಂದ ಹೊಸೂರು, ಕೃಷ್ಣಗಿರಿ ಮಾರ್ಗವಾಗಿ ಕಡಲೂರಿನ ಬಳಿ ಸಮುದ್ರ. ಒಂದಷ್ಟನ್ನು ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಪಂಪ್ ಮಾಡುತ್ತಾರೆ. ಅಂದರೆ ನಾವು ಕುಡಿಯುವುದು ಒಂದು ನದಿಯ ನೀರು, ಚೆಲ್ಲುವುದು ಇನ್ನೊಂದು ನದಿಗೆ. ಎರಡೂ ನದಿಗಳ ಕೊನೆಯಲ್ಲಿ ನಮಗೆ ಗೊತ್ತಿಲ್ಲದ ಜನ ಇದ್ದಾರೆ.

ಕಾವೇರಿ ವಿವಾದ ಕಾವೇರಿದಾಗಲೆಲ್ಲ ಪೇಟೆ ಬಾಗಿಲು ಹಾಕುತ್ತದೆ. 2016ರ ಸೆಪ್ಟೆಂಬರ್‌ನಲ್ಲಿ ಬಸ್ಸುಗಳು ಉರಿದ ದಿನಗಳು ನನ್ನ ವಯಸ್ಸಿನವರಿಗೆ ಶಾಲೆಗೆ ರಜೆ ಕೊಟ್ಟ ದಿನಗಳಾಗಿ ನೆನಪಿವೆ. 2023ರ ಬಂದ್ ಹೊತ್ತಿಗೆ ನಾನು ಇಲ್ಲಿನ ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದ್ದೆ. ಮಧ್ಯಾಹ್ನದವರೆಗೆ ಅಂಗಡಿ, ಸಂಜೆ ಓದು. ಅರ್ಧ ಎಳೆದ ಶಟರಿನ ಕೆಳಗೆ ಕೂತು ಎಲ್ಲರೂ ಮಾತಾಡುತ್ತಿದ್ದರು. ಪ್ರತಿ ವಾದವೂ ಕೊನೆಗೆ ಒಂದೇ ವಾಕ್ಯಕ್ಕೆ ಬಂದು ನಿಲ್ಲುತ್ತಿತ್ತು: ‘ಅಷ್ಟೊಂದು ನೀರು ಸಮುದ್ರಕ್ಕೆ ಹೋಗಿ ವ್ಯರ್ಥವಾಗುತ್ತೆ.’ ತಮಿಳುನಾಡಿನ ಅಂಗಡಿಗಳಲ್ಲೂ ಜನ ಇದನ್ನೇ ಹೇಳುತ್ತಿದ್ದಿರಬೇಕು. ಎರಡೂ ರಾಜ್ಯಗಳು ಜಗಳವಿಲ್ಲದೆ ಒಪ್ಪುವ ಮಾತು ಇದೊಂದೇ. ಆ ಮಾತಿನ ಬಗ್ಗೆಯೇ ನನಗೆ ಅನುಮಾನ ಹುಟ್ಟಿದ್ದು.

ದೂಳು ತೊಳೆಯುವವರು ಕಲಿಸಿದ ಪಾಠ

ನದಿ ಸಮುದ್ರಕ್ಕೆ ಒಯ್ಯುವುದು ಬರೀ ನೀರನ್ನಲ್ಲ, ಮಣ್ಣನ್ನೂ ಕೂಡ. ಇದು ಹೇಗೆ ಕೆಲಸ ಮಾಡುತ್ತದೆ ಎನ್ನುವುದನ್ನು ನೋಡಲು ನಮ್ಮ ಪೇಟೆಯ ಗಲ್ಲಿಗಳೇ ಸಾಕು. ಇಲ್ಲಿ ಚಿನ್ನದ ಕೆಲಸ ಮಾಡುವ ಅಂಗಡಿಗಳ ಮುಂದೆ ಕೆಲವರು ಮೆತ್ತನೆಯ ಬ್ರಷ್ಷಿನಿಂದ ದೂಳು ಗುಡಿಸಿ ಚೀಲ ತುಂಬಿಕೊಳ್ಳುತ್ತಾರೆ. ಆಮೇಲೆ ಆ ದೂಳನ್ನು ಬಾಣಲೆಗೆ ಹಾಕಿ, ನೀರು ಬಿಟ್ಟು, ಮೆಲ್ಲಗೆ ತಿರುಗಿಸುತ್ತಾರೆ. ನೀರು ರಭಸವಾಗಿ ಸುತ್ತುವಾಗ ಎಲ್ಲವೂ ತೇಲುತ್ತದೆ. ಕೈ ನಿಧಾನವಾದಂತೆ ಭಾರವಾದ ಕಣ ಮೊದಲು ತಳ ಹಿಡಿಯುತ್ತದೆ, ಆಮೇಲೆ ಮರಳು, ತೆಳು ಕೆಸರು ಕೊನೆಯವರೆಗೂ ನೀರಿನ ಜತೆಗೇ ಇದ್ದು ಅಂಚಿನಿಂದ ಚೆಲ್ಲಿಹೋಗುತ್ತದೆ.

ನದಿಯೂ ಹೀಗೆಯೇ. ಕೊಡಗಿನ ಇಳಿಜಾರಿನಲ್ಲಿ ಅದರ ಕೈ ರಭಸ. ಕಲ್ಲು, ಮರಳು, ಮಣ್ಣು ಎಲ್ಲವನ್ನೂ ಎತ್ತಿಕೊಂಡು ಓಡುತ್ತದೆ. ಬಯಲಿಗೆ ಬಂದಂತೆ ಕೈ ನಿಧಾನವಾಗುತ್ತದೆ, ಸಮುದ್ರಕ್ಕೆ ತಾಗಿದಾಗ ಬಹುತೇಕ ನಿಂತೇಹೋಗುತ್ತದೆ. ಹೊತ್ತು ತಂದ ಮಣ್ಣನ್ನು ಅಲ್ಲಿ ಇಳಿಸಲೇಬೇಕು. ಇಳಿಸಿದ ಮಣ್ಣು ನದಿಯ ದಾರಿಗೇ ಅಡ್ಡವಾಗುತ್ತದೆ. ಆಗ ನದಿ ಪಕ್ಕಕ್ಕೆ ಒಡೆದು ಹೊಸ ದಾರಿ ಹಿಡಿಯುತ್ತದೆ, ಅಲ್ಲೂ ಮಣ್ಣು ತುಂಬಿದರೆ ಮತ್ತೆ ಒಡೆಯುತ್ತದೆ. ಹೀಗೆ ಒಂದು ನದಿ ಹತ್ತಾರು ಕವಲಾಗಿ ಬೀಸಣಿಗೆಯಂತೆ ಹರಡಿಕೊಂಡ ನೆಲವೇ ಮುಖಜ ಭೂಮಿ. ಗ್ರೀಕರ ‘ಡೆಲ್ಟಾ’ ಅಕ್ಷರದಂತೆ ತ್ರಿಕೋನಾಕಾರವಾಗಿರುವುದರಿಂದ ಡೆಲ್ಟಾ ಎಂಬ ಹೆಸರು ಬಂತು. ಸುಮಾರು ಏಳೆಂಟು ಸಾವಿರ ವರ್ಷಗಳ ಹಿಂದೆ, ಹಿಮಯುಗದ ನಂತರ ಏರುತ್ತಿದ್ದ ಸಮುದ್ರದ ಮಟ್ಟ ನಿಧಾನಗೊಂಡ ಮೇಲೆ, ಜಗತ್ತಿನ ಇಂದಿನ ಡೆಲ್ಟಾಗಳು ಬೆಳೆಯತೊಡಗಿದವು.

ಕಾವೇರಿಯ ಮಟ್ಟಿಗೆ ಈ ಕಥೆಯನ್ನು ನಮ್ಮ ಅಜ್ಜಿಯರು ಮೂರು ಹೆಸರಿನಲ್ಲಿ ಹೇಳುತ್ತಿದ್ದರು: ಆದಿರಂಗ, ಮಧ್ಯರಂಗ, ಅಂತ್ಯರಂಗ. ಶ್ರೀರಂಗಪಟ್ಟಣ, ಶಿವನಸಮುದ್ರ, ಶ್ರೀರಂಗಂ. ಮೂರೂ ಕಾವೇರಿ ಎರಡಾಗಿ ಒಡೆದು ತಬ್ಬಿಕೊಂಡ ದ್ವೀಪಗಳು. ಆದರೆ ಮೊದಲ ಎರಡು ಬಂಡೆಯ ನೆಲದವು. ಮೂರನೆಯದು ನದಿ ತಾನೇ ತಂದು ಹಾಕಿದ ಮಣ್ಣಿನದು. ಅಂತ್ಯರಂಗನ ಪಾದದಿಂದ ಮುಂದಕ್ಕೆ ಡೆಲ್ಟಾ ಶುರು.

ರಾತ್ರಿ ರೈಲಿನ ಆ ತುದಿ

ಮೈಸೂರಿನಿಂದ ಬಂದು ಬೆಂಗಳೂರು ದಾಟಿ ತಿರುಚ್ಚಿ, ತಂಜಾವೂರು, ಕುಂಭಕೋಣಂ ಮಾರ್ಗವಾಗಿ ಮೈಲಾಡುತುರೈ ಕಡೆಗೆ ಹೋಗುವ ರಾತ್ರಿ ರೈಲೊಂದಿದೆ. ಕಾವೇರಿಯ ಮೇಲ್ಭಾಗವನ್ನೂ ಕೆಳಭಾಗವನ್ನೂ ಜೋಡಿಸುವ ರೈಲು. ಎರಡು ವರ್ಷಗಳ ಹಿಂದಿನ ಫೆಬ್ರುವರಿಯಲ್ಲಿ ಗೆಳೆಯನೊಬ್ಬನ ಜತೆ ಅದನ್ನು ಹತ್ತಿ, ನಸುಕಿನಲ್ಲಿ ತಿರುಚ್ಚಿಯಲ್ಲಿ ಇಳಿದೆ.

ಮುಕ್ಕೊಂಬು ಎಂಬಲ್ಲಿ ನದಿ ಎರಡಾಗುತ್ತದೆ. ಉತ್ತರದ್ದು ಕೊಳ್ಳಿಡಂ, ದಕ್ಷಿಣದ್ದು ಕಾವೇರಿ. ಪ್ರವಾಹವೆಲ್ಲ ಕೊಳ್ಳಿಡಂ ಪಾಲು, ನೀರಾವರಿ ಕಾವೇರಿ ಪಾಲು. ಸ್ವಲ್ಪ ಕೆಳಗೆ ಚೋಳರ ಕರಿಕಾಲ ಕಟ್ಟಿಸಿದನೆನ್ನುವ ಕಲ್ಲಣೈ. ಸುಮಾರು ಎರಡು ಸಾವಿರ ವರ್ಷ ಹಳೆಯ ಒಡ್ಡು. ನೀರನ್ನು ತಡೆದು ಕೂಡಿಡಲು ಕಟ್ಟಿದ ಜಲಾಶಯ ಇದಲ್ಲ. ಬಂದ ನೀರನ್ನು ಕವಲುಗಳಿಗೆ ತಿರುಗಿಸುವ ತಡೆಗೋಡೆ. ಆಳ ಗೊತ್ತಿಲ್ಲದ ಸಡಿಲ ಮರಳಿನ ಮೇಲೆ ಅಡಿಪಾಯ ಹಾಕುವ ವಿದ್ಯೆಯನ್ನು ಇಲ್ಲಿಯ ಹಳಬರಿಂದಲೇ ಕಲಿತೆವೆಂದು ಬ್ರಿಟಿಷ್ ಎಂಜಿನಿಯರ್ ಆರ್ಥರ್ ಕಾಟನ್ ಬರೆದಿದ್ದಾರೆ. 1830ರ ದಶಕದಲ್ಲಿ ಕಾಟನ್ ಮುಕ್ಕೊಂಬಿನಲ್ಲಿ ಒಡ್ಡು ಕಟ್ಟಿಸಿದ್ದಕ್ಕೂ ಹೂಳೇ ಕಾರಣ. ಕಾವೇರಿ ಕವಲಿನಲ್ಲಿ ಹೂಳು ತುಂಬಿ ತಳ ಏರುತ್ತಿತ್ತು, ಕೊಳ್ಳಿಡಂ ಆಳವಾಗಿ ನೀರನ್ನೆಲ್ಲ ಎಳೆದುಕೊಳ್ಳುತ್ತಿತ್ತು. ಆಗ ಹೂಳು ಹೆಚ್ಚಾಗಿದ್ದೇ ತೊಂದರೆ. ಈಗಿನ ತೊಂದರೆ ಅದಕ್ಕೆ ತಿರುಗುಮುರುಗು.

ಮರುದಿನ ಪೂಂಪುಹಾರ್‌ಗೆ ಹೋದೆವು. ಸಂಗಂ ಕಾಲದ ಬಂದರು. ಪಟ್ಟಣವನ್ನು ಕಡಲು ನುಂಗಿತೆಂದು ಹಳೆಯ ತಮಿಳು ಕಾವ್ಯ ‘ಮಣಿಮೇಖಲೈ’ ಹೇಳುತ್ತದೆ. ಕೆಆರ್‌ಎಸ್‌ನ ತುಂಬು ನೀರು ನೋಡಿದ ಕಣ್ಣಿಗೆ ಅಲ್ಲಿನ ಕಾವೇರಿ ಒಂದು ಕಾಲುವೆ. ಮೆಟ್ಟೂರಿನ ಬಾಗಿಲು ವಾಡಿಕೆಯಂತೆ ಜನವರಿ 28ಕ್ಕೆ ಮುಚ್ಚಿತ್ತು. ನದಿಯ ಬಾಯಿಗೆ ಅಡ್ಡಲಾಗಿ ಮರಳ ದಿಬ್ಬ. ದಂಡೆಯಲ್ಲಿ ಕಪ್ಪು ಬಂಡೆಗಳ ಸಾಲು. ಚಹಾ ಅಂಗಡಿಯ ಅಮ್ಮನಿಗೆ ನಮ್ಮ ಪೇಟೆ ತಮಿಳು ಕೇಳಿ ನಗು ಬಂತು. ಯಾವೂರು ಎಂದರು. ಬೆಂಗಳೂರು ಎಂದೆ. ‘ಓ, ಮೇಲಿನವರು’ ಎಂದರು. ಅದರಲ್ಲಿ ಸಿಟ್ಟಿರಲಿಲ್ಲ, ದಿಕ್ಕು ಹೇಳುವ ಧಾಟಿ ಇತ್ತು. ಆಮೇಲೆ ಬಂಡೆಗಳ ಕಡೆ ಕೈ ತೋರಿಸಿ, ‘ನಾನು ಮದುವೆಯಾಗಿ ಬಂದಾಗ ದಡ ಅದಕ್ಕಿಂತ ಆಚೆ ಇತ್ತು ಮಗಾ’ ಎಂದರು.

ಅಲ್ಲಿಂದ ದಕ್ಷಿಣಕ್ಕೆ ತರಂಗಂಬಾಡಿ. 1620ರಲ್ಲಿ ಡೆನ್ಮಾರ್ಕಿನವರು ಕಟ್ಟಿದ ಕೋಟೆ ಇರುವ ಊರು. ದಡದಲ್ಲೇ 1306ರ ಕಾಲದ ಮಾಸಿಲಾಮಣಿನಾಥರ್ ಗುಡಿ. ಅದರ ಮುಂಭಾಗವನ್ನು ಸಮುದ್ರ ಯಾವತ್ತೋ ತೆಗೆದುಕೊಂಡಿದೆ. ಇಂಥ ದಡದಲ್ಲಿ ಕಡಲ್ಕೊರೆತ ಹೊಸದೇನಲ್ಲ. ಸಮುದ್ರ ಮೊದಲಿನಿಂದಲೂ ಕೊರೆಯುತ್ತಲೇ ಇತ್ತು. ಆದರೆ ಆಗ ಪ್ರತಿ ಮಳೆಗಾಲದಲ್ಲೂ ನದಿ ಹೊಸ ಮಣ್ಣು ತಂದು ಕೊಡುತ್ತಿತ್ತು.

ಜಮೆ ಕಡಿಮೆ, ಖರ್ಚು ಜಾಸ್ತಿ

ಅಂಗಡಿಯಲ್ಲಿ ಲೆಕ್ಕ ಬರೆಯುವವರಿಗೆ ಡೆಲ್ಟಾ ಅರ್ಥವಾಗುವುದು ಸುಲಭ. ಅದಕ್ಕೊಂದು ಜಮೆ, ಒಂದು ಖರ್ಚು. ಜಮೆ ಎಂದರೆ ಹೂಳು. ಖರ್ಚು ಎರಡು ಬಗೆ: ಅಲೆಗಳು ಒಯ್ಯುವುದು ಒಂದು, ನೆಲ ತಾನೇ ಕುಸಿಯುವುದು ಇನ್ನೊಂದು. ಹಸಿ ಮಣ್ಣು ತನ್ನ ಭಾರಕ್ಕೆ ತಾನೇ ಒತ್ತಿಕೊಂಡು ವರ್ಷವರ್ಷವೂ ತುಸು ತಗ್ಗುತ್ತದೆ. ಹಾಗಾಗಿ ಡೆಲ್ಟಾ ಇದ್ದ ಹಾಗೇ ಇರಬೇಕಾದರೂ ಹೊಸ ಹೂಳು ಬರುತ್ತಲೇ ಇರಬೇಕು. ಜಮೆ ನಿಂತರೆ ಅದು ಬಂಡವಾಳ ತಿಂದು ಬದುಕುವ ಅಂಗಡಿ.

ಜಮೆ ನಿಂತದ್ದು ಎಲ್ಲಿ? ಕಾವೇರಿಯ ಮೇಲೆ 1911ರಲ್ಲಿ ಕೃಷ್ಣರಾಜಸಾಗರದ ಕೆಲಸ ಶುರುವಾಯಿತು, 1934ರಲ್ಲಿ ಮೆಟ್ಟೂರು ಸಿದ್ಧವಾಯಿತು. ಆಮೇಲೆ ಕಬಿನಿ, ಹೇಮಾವತಿ, ಹಾರಂಗಿ. ಅಣೆಕಟ್ಟಿನ ಹಿಂದೆ ನೀರು ನಿಂತರೆ ಬಾಣಲೆ ತಿರುಗಿಸುವ ಕೈ ನಿಂತಂತೆ. ಹೂಳು ಅಲ್ಲೇ ತಳ ಹಿಡಿಯುತ್ತದೆ. ಗೇಟು ತೆರೆದಾಗ ಕೆಳಗೆ ಹೋಗುವುದು ಬಹುಪಾಲು ತಿಳಿನೀರು. 2018ರ ಆಗಸ್ಟ್‌ನಲ್ಲಿ ಕೊಡಗಿನ ಬೆಟ್ಟಗಳು ಕುಸಿದಾಗ ಮಣ್ಣಿನ ದೊಡ್ಡ ಪಾಲು ಹಾರಂಗಿ ಜಲಾಶಯದಲ್ಲೇ ಉಳಿಯಿತು. ಅದೇ ತಿಂಗಳು ಪ್ರವಾಹದ ನೀರು ಕೆಳಗೆ ಮುಕ್ಕೊಂಬಿನಲ್ಲಿ ಕೊಳ್ಳಿಡಂ ಒಡ್ಡಿನ ಒಂಬತ್ತು ಗೇಟುಗಳನ್ನು ಕೊಚ್ಚಿಕೊಂಡು ಹೋಯಿತು. ನೀರು ತಲುಪಿತು, ಮಣ್ಣು ಹಿಂದೆ ಉಳಿಯಿತು.

ಇದು ತಮಿಳುನಾಡಿನ ಚಿಂತೆ, ನಮಗೇನು ಎನ್ನುವವರು ಹೊಸಪೇಟೆಗೆ ಹೋಗಿಬರಬೇಕು. 1953ರಲ್ಲಿ ನೀರು ತುಂಬಿಕೊಂಡ ತುಂಗಭದ್ರಾ ಜಲಾಶಯದ ಮೂಲ ಸಾಮರ್ಥ್ಯ ಸುಮಾರು 133 ಟಿಎಂಸಿ. ಈಗ ಅದು ಸುಮಾರು 105. ನಡುವಿನ 28 ಟಿಎಂಸಿ ಜಾಗದಲ್ಲಿ ಹೂಳು ಕೂತಿದೆ. ಮೇಲೆ ಹೇಳಿದ ಬೆಂಗಳೂರಿನ ಲೆಕ್ಕ ನೆನಪಿದೆಯಲ್ಲ? ಇಡೀ ನಗರ ಐದೂ ಹಂತಗಳಿಂದ ವರ್ಷವಿಡೀ ಎತ್ತಬಹುದಾದಷ್ಟು ಕಾವೇರಿ ನೀರಿನ ಜಾಗವನ್ನು ಒಂದೇ ಜಲಾಶಯದಲ್ಲಿ ಮಣ್ಣು ಆಕ್ರಮಿಸಿದೆ. ಕಳೆದುಕೊಂಡ ನೀರಿಗಾಗಿ ಕೊಪ್ಪಳ ಜಿಲ್ಲೆಯ ನವಲಿಯಲ್ಲಿ ಇನ್ನೊಂದು ಜಲಾಶಯ ಕಟ್ಟುವ ಮಾತು ವರ್ಷಗಳಿಂದ ನಡೆದಿದೆ. ರಾಯಚೂರು, ಬಳ್ಳಾರಿ, ಕೊಪ್ಪಳದ ರೈತನಿಗೆ ಶಾಪವಾದ ಅದೇ ಮಣ್ಣು ಆಂಧ್ರದ ಕೃಷ್ಣಾ ಡೆಲ್ಟಾಗೆ ಅನ್ನವಾಗಬೇಕಿತ್ತು. ಜಗತ್ತಿನ 33 ಡೆಲ್ಟಾಗಳ ಬಗ್ಗೆ 2009ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಇಪ್ಪತ್ತನೇ ಶತಮಾನದಲ್ಲಿ ಕೃಷ್ಣಾ ಡೆಲ್ಟಾಗೆ ತಲುಪುವ ಹೂಳು ಶೇ 90ಕ್ಕೂ ಹೆಚ್ಚು ಕಡಿಮೆಯಾಗಿದೆ. ಒಂದೇ ಮಣ್ಣು, ಇಲ್ಲಿದ್ದರೆ ನಷ್ಟ, ಅಲ್ಲಿಲ್ಲದಿದ್ದರೂ ನಷ್ಟ.

ಖರ್ಚಿನ ಕಡೆಗೂ ಮನುಷ್ಯನ ಕೈ ಇದೆ. ಬೋರ್‌ವೆಲ್ ಕೊರೆದು ಅಂತರ್ಜಲ ಎತ್ತಿದಷ್ಟೂ ಡೆಲ್ಟಾದ ನೆಲ ಬೇಗ ತಗ್ಗುತ್ತದೆ, ಖಾಲಿಯಾದ ಜಾಗಕ್ಕೆ ಉಪ್ಪುನೀರು ನುಗ್ಗುತ್ತದೆ. ತೀರದ ಗದ್ದೆಗಳು ಸೀಗಡಿ ಹೊಂಡಗಳಾದವು. 1996ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಕಡಿವಾಣ ಹಾಕುವ ತೀರ್ಪು ಕೊಟ್ಟಿತು. ತೈಲ, ಅನಿಲದ ಬಾವಿಗಳಿಗೆ ರೈತರು ವಿರೋಧ ಮಾಡಿದ ಮೇಲೆ 2020ರಲ್ಲಿ ಕಾವೇರಿ ಡೆಲ್ಟಾ ಸಂರಕ್ಷಿತ ಕೃಷಿ ವಲಯವಾಯಿತು. ನದಿಯ ಮರಳನ್ನು ಲಾರಿಗಳು ಹೊತ್ತೊಯ್ದವು. ಅದರಲ್ಲಿ ನಮ್ಮ ಪಾಲೂ ಇದೆ. ಎಂ-ಸ್ಯಾಂಡ್ ಬರುವ ಮುಂಚೆ ಬೆಂಗಳೂರಿನ ಗೋಡೆಗಳನ್ನು ಗಾರೆ ಮಾಡಿದ್ದು ನದಿ, ಕೆರೆಗಳ ಮರಳಿನಿಂದಲೇ. ತಗ್ಗಾದ, ಬಯಲಾದ ದಡಕ್ಕೆ ಸಮುದ್ರ ನುಗ್ಗಿದರೆ ತಡೆಯುವುದು ಕಷ್ಟ. 2004ರ ಡಿಸೆಂಬರ್ 26ರ ಸುನಾಮಿಯಲ್ಲಿ ತಮಿಳುನಾಡಿನಲ್ಲಿ ಎಲ್ಲಕ್ಕಿಂತ ಹೆಚ್ಚು ಜೀವಹಾನಿಯಾದದ್ದು ಇದೇ ಡೆಲ್ಟಾದ ನಾಗಪಟ್ಟಿಣದಲ್ಲಿ.

ನಮ್ಮ ಕರಾವಳಿಯ ಉತ್ತರ

ಈಗ ಗೈಡ್‌ನ ಆ ಎರಡು ಸಾಲನ್ನು ಪೂರ್ತಿ ಮಾಡಬಹುದು. ನಮ್ಮ ಕಾಳಿ, ಅಘನಾಶಿನಿ, ಶರಾವತಿ, ನೇತ್ರಾವತಿಗಳು ಘಟ್ಟದ ಗಟ್ಟಿ ಬಂಡೆಯ ಮೇಲೆ ಧುಮುಕಿ ಬೇಗನೆ ಸಮುದ್ರ ಸೇರುತ್ತವೆ. ಕಾವೇರಿಗೆ ಸುಮಾರು 800 ಕಿ.ಮೀ. ದಾರಿಯಲ್ಲಿ ಮಣ್ಣು ಕೂಡಿಸಿಕೊಳ್ಳಲು ಸಮಯವಿದೆ, ಇವಕ್ಕಿಲ್ಲ. ತಂದ ಅಷ್ಟಿಷ್ಟು ಮರಳನ್ನೂ ಮುಂಗಾರಿನ ಅಲೆಗಳು ದಡದುದ್ದಕ್ಕೂ ಎಳೆದುಕೊಂಡು ಹೋಗುತ್ತವೆ. ಜಮೆಗಿಂತ ಖರ್ಚು ಜಾಸ್ತಿ, ಹಾಗಾಗಿ ಡೆಲ್ಟಾ ಆಗುವುದಿಲ್ಲ. ಆಗುವುದು ಅಳಿವೆ ಮತ್ತು ಅದರ ಬಾಯಲ್ಲಿ ನಾಲಿಗೆಯಂಥ ಮರಳಿನ ಪಟ್ಟಿ. ಮಂಗಳೂರಿನ ಬೆಂಗ್ರೆ ಅಂಥದ್ದು. ಎದುರಿನ ಉಳ್ಳಾಲದಲ್ಲಿ ಪ್ರತಿ ಮಳೆಗಾಲ ಕಡಲ್ಕೊರೆತದ ಸುದ್ದಿ ಓದುತ್ತೇವಲ್ಲ, ಅದೂ ಇದೇ ಲೆಕ್ಕದ ಇನ್ನೊಂದು ಪುಟ. ಅಣೆಕಟ್ಟಿಲ್ಲದೆ ಹರಿಯುವ ಅಘನಾಶಿನಿಯ ಅಳಿವೆಯಲ್ಲಿ ಚಿಪ್ಪು ಆಯುವವರು, ಉಪ್ಪುನೀರು ತಡೆಯುವ ಕಗ್ಗ ಭತ್ತ ಬೆಳೆಯುವವರು, ಸಾಣಿಕಟ್ಟೆಯ ಉಪ್ಪಿನ ಆಗರದವರು ಎಲ್ಲರೂ ಸಿಹಿನೀರು ಸಮುದ್ರಕ್ಕೆ ಬಂದು ಸೇರುವ ಜಾಗದಲ್ಲೇ ಅನ್ನ ಕಂಡುಕೊಂಡವರು. ಅವರ ಮುಂದೆ ನಿಂತು ಆ ನೀರು ವ್ಯರ್ಥ ಎನ್ನಲು ಬಾಯಿ ಬರುವುದಿಲ್ಲ.

ಹೊರದೇಶಗಳು ಈ ಪಾಠಕ್ಕೆ ದುಬಾರಿ ಬೆಲೆ ಕೊಟ್ಟಿವೆ. 1970ರಲ್ಲಿ ಅಸ್ವಾನ್ ಅಣೆಕಟ್ಟು ಪೂರ್ತಿಯಾದ ಮೇಲೆ ನೈಲ್ ನದಿಯ ಹೂಳು ನಿಂತಿತು, ಅದರ ಡೆಲ್ಟಾದ ದಡ ಕರಗತೊಡಗಿತು. ಅಮೆರಿಕದ ಲೂಸಿಯಾನಾದಲ್ಲಿ, ಮಿಸಿಸಿಪ್ಪಿಯ ಡೆಲ್ಟಾ ಇರುವ ತೀರದಲ್ಲಿ, 1930ರ ದಶಕದಿಂದೀಚೆಗೆ ಸುಮಾರು 5,000 ಚದರ ಕಿ.ಮೀ. ನೆಲ ನೀರುಪಾಲಾಗಿದೆ. ಚೀನಾ ಬೇರೆ ದಾರಿ ಹಿಡಿಯಿತು. 2002ರಿಂದ ಹಳದಿ ನದಿಯ ಶಿಯಾಲಾಂಗ್ಡಿ ಜಲಾಶಯದ ನೀರನ್ನು ಒಟ್ಟಿಗೆ ರಭಸವಾಗಿ ಬಿಟ್ಟು ಹೂಳನ್ನು ಸಮುದ್ರದ ಕಡೆ ತಳ್ಳುತ್ತಿದೆ. ಖರ್ಚಿನ ಕೆಲಸ, ಎಲ್ಲ ಜಲಾಶಯಕ್ಕೂ ಒಗ್ಗುವುದಿಲ್ಲ. ಆದರೆ ಹೂಳಿನ ಲೆಕ್ಕವಿಟ್ಟು ಅಣೆಕಟ್ಟು ನಡೆಸಬಹುದು ಎಂಬುದಂತೂ ಅದರಿಂದ ಗೊತ್ತಾಯಿತು.

ನಮ್ಮಲ್ಲಿ? ಕಾವೇರಿ ನ್ಯಾಯಮಂಡಳಿ 2007ರಲ್ಲಿ 740 ಟಿಎಂಸಿ ನೀರನ್ನು ಹಂಚಿದಾಗ ಪರಿಸರಕ್ಕೆ ಬಿಟ್ಟದ್ದು 10 ಟಿಎಂಸಿ. ಸಮುದ್ರಕ್ಕೆ ‘ಅನಿವಾರ್ಯವಾಗಿ’ ಹೋಗುವುದೆಂದು ಬರೆದದ್ದು 4 ಟಿಎಂಸಿ. 2018ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಬೆಂಗಳೂರಿನ ಕುಡಿಯುವ ನೀರಿಗೆಂದೇ 4.75 ಟಿಎಂಸಿ ಹೆಚ್ಚು ಕೊಟ್ಟಿತು, ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ಬಿಡಬೇಕೆಂದಿತು. ನಮ್ಮ ವಠಾರದ ಕೊಡ ತುಂಬುವುದು ಆ ತೀರ್ಪಿನಿಂದ, ಅದರ ಬೆಲೆ ನನಗೆ ಗೊತ್ತು. ಕುಡಿಯುವ ನೀರಿಗಾಗಿ ಮೇಕೆದಾಟುವಿನ 67 ಟಿಎಂಸಿ ಜಲಾಶಯ ಬೇಕು ಎನ್ನುವವರ ಬಾಯಾರಿಕೆ ಸುಳ್ಳಲ್ಲ, ಬೇಡ ಎನ್ನುವ ಕೆಳಗಿನವರ ಭಯವೂ ಸುಳ್ಳಲ್ಲ. ಆದರೆ ಇಬ್ಬರೂ ಮಾತಾಡುವುದು ನೀರಿನ ಭಾಷೆಯೊಂದನ್ನೇ. ಎಷ್ಟು ಟಿಎಂಸಿ, ಎಷ್ಟು ಕ್ಯೂಸೆಕ್, ಎಷ್ಟು ಅಡಿ.

ಕೇಂದ್ರ ಜಲ ಆಯೋಗ ನದಿಗಳ ನೀರಿನ ಜತೆ ಹೂಳನ್ನೂ ಅಳೆಯುತ್ತದೆ. ಆ ಅಂಕಿ ದಿನಪತ್ರಿಕೆಯ ಜಲಾಶಯ ಮಟ್ಟದ ಪಟ್ಟಿಗೆ ಬರುವುದಿಲ್ಲ, ನಮ್ಮ ಚರ್ಚೆಗೂ ಬರುವುದಿಲ್ಲ. ಇಲ್ಲಿ ನಮ್ಮ ವಯಸ್ಸಿನವರಿಗೆ ಕೆಲಸವಿದೆ. ಭೂಗೋಳ, ಸಿವಿಲ್ ಎಂಜಿನಿಯರಿಂಗ್ ಓದುತ್ತಿರುವವರು ಅಂತಿಮ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿದ್ದರೆ, ಗೂಗಲ್ ಅರ್ತ್‌ನ ಟೈಮ್‌ಲ್ಯಾಪ್ಸ್ ತೆರೆದು 1984ರಿಂದ ಈಚೆಗೆ ಕೃಷ್ಣೆಯ ಬಾಯಿ ಹೇಗೆ ಬದಲಾಗಿದೆ ನೋಡಿ. ಇಸ್ರೊದ ಭುವನ್ ತಾಣದ ಚಿತ್ರಗಳೂ ಸಿಗುತ್ತವೆ. ನಿಮ್ಮೂರಿನ ಕೆರೆಯ ಹೂಳು ಎಷ್ಟು, ಅದನ್ನು ತೆಗೆದರೆ ಯಾರ ಹೊಲಕ್ಕೆ ಹೋಗುತ್ತದೆ, ಯಾರ ಲಾರಿಗೆ ಹೋಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ನಾಳೆ ನಮ್ಮಲ್ಲೇ ಕೆಲವರು ನೀರಾವರಿ ಇಲಾಖೆಯ ಕುರ್ಚಿಗಳಲ್ಲಿ ಕೂರುತ್ತೇವೆ. ಹೊಸ ಯೋಜನೆಯೊಂದರ ಕಡತ ಮೇಜಿಗೆ ಬಂದಾಗ ಅದರಲ್ಲಿ ನೀರಿನ ಹಾಳೆಗಳು ಬೇಕಾದಷ್ಟು ಇರುತ್ತವೆ. ಹೂಳಿನ ಹಾಳೆ ಎಲ್ಲಿ ಎಂದು ಕೇಳುವ ಒಬ್ಬರಾದರೂ ಆ ಕೋಣೆಯಲ್ಲಿ ಇರಬೇಕು.